ತಲೆ ಎತ್ತಿದ ಕುದುರೆ

ನಾನು ಚಿಕ್ಕವಳಿದ್ದಾಗ ಸಿನಿಮಾದಲ್ಲಿ ಸತ್ತವರು ನಿಜವಾಗಿಯೂ ಸಾಯುತ್ತಾರೆ ಎಂದು ನಂಬಿದ್ದೆ. ನಾನೊಬ್ಬಳೇ ಅಲ್ಲ, ನನ್ನ ಅಜ್ಜಿಯೂ ನಂಬಿದ್ದಳು. ಅವಳನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು.

ನಮ್ಮೂರು ಪಾರಿಶ್ವಾಡ. ಒಂದು ದಿನ ಅಪ್ಪ ಬೆಲ್ಲ ಮಾರಲು ಬೆಳಗಾವಿಗೆ ಹೊರಟಾಗ ಆಯಿಯನ್ನೂ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿನ ರವಿವಾರ ಪೇಟೆ ಎಂಬ ಬಜಾರಿನ ಕೆಲಸ ಮಧ್ಯಾಹ್ನದೊಳಗೇ ಮುಗಿಯಿತು. ನಮ್ಮ ಬಟ್ಟೆಗೆಲ್ಲ ಬೆಲ್ಲದ ವಾಸನೆ ಹತ್ತಿತ್ತು.

"ದನಾ ಕಾಯೋರದ ಒಂದ್ ಇಂಗ್ಲಿಷ್ ಸಿನಿಮಾ ಬಂದೈತಂತ, ನೋಡೂಣು ನಡೀರಿ" ಎಂದ ಅಪ್ಪ. ದನವೆಂದರೆ ಅವನಿಗೆ ಪ್ರಾಣ.

ಟಾಕೀಸಿನೊಳಗೆ ಬೀಡಿಯ ಹೊಗೆ, ಕಾಲ ಕೆಳಗೆ ಶೇಂಗಾ ಸಿಪ್ಪೆಯ ಚರಪರ ಸದ್ದು. ಪರದೆಯ ಮೇಲೆ ಕೆಂಪು ಮಣ್ಣಿನ ಬಯಲು, ಅಗಲ ಟೊಪ್ಪಿಗೆಯ ಗಂಡಸರು, ಕಣ್ಣು ಹಾಯಿಸಿದಷ್ಟೂ ದನ. ಮಾತು ಒಂದೂ ತಿಳಿಯಲಿಲ್ಲ. ಅಪ್ಪನಿಗೆ ಸ್ವಲ್ಪ ಹೊತ್ತಿಗೇ ಸಂಶಯ ಶುರುವಾಯಿತು.

"ಇಷ್ಟ್ ದನಾ ಅದಾವ, ಒಬ್ಬನರ ಹಾಲ್ ಹಿಂಡಲಿಲ್ಲ, ನೀರ್ ಕುಡಸಲಿಲ್ಲ. ಇವ್ರೆಂಥಾ ದನಾ ಕಾಯೋರು?"

ಅಷ್ಟರಲ್ಲಿ ಬಂದೂಕುಗಳು ಹೊರಬಂದವು. ನಾವು ಜೈನರು. ಸಾಯುವವರ ಕಿವಿಗೆ ಣಮೋಕಾರ ಮಂತ್ರ ಬೀಳಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಪರದೆಯ ಮೇಲೆ ಒಬ್ಬ ಬಿದ್ದ ಕೂಡಲೇ ಆಯಿ ಕೈಮುಗಿದು ಮಂತ್ರ ಹೇಳತೊಡಗಿದಳು. ಅದು ಮುಗಿಯುವುದರೊಳಗೆ ಇನ್ನಿಬ್ಬರು ಬಿದ್ದರು.

"ಸ್ವಲ್ಪ ತಡೀರಪ್ಪಾ!" ಎಂದು ಆಯಿ ಪರದೆಯವರಿಗೇ ಹೇಳಿದಳು. ಹಿಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧ್ಯಂತರದ ಮೊದಲು ಮಾಳಿಗೆಯಿಂದ ಬಿದ್ದು ಸತ್ತ ಕೆಂಪು ಗಡ್ಡದವನು ಆಮೇಲೆ ಬೇರೆ ಅಂಗಿ ತೊಟ್ಟು ಗಾಡಿ ಹೊಡೆಯುತ್ತ ಬಂದ. ಆಯಿಗೆ ಖುಷಿಯೋ ಖುಷಿ.

"ಏ, ಇವ ಸತ್ತಿದ್ನಲ್ಲೋ! ಬದುಕ್ಯಾನ ನೋಡು!"

ಕೊನೆಗೆ ಒಂದು ಕುದುರೆ ಬಿತ್ತು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಕಂದು ಕುದುರೆ. ಇಳಿಜಾರಿನಲ್ಲಿ ಓಡುತ್ತಿದ್ದದ್ದು ಮುಗ್ಗರಿಸಿ, ಕತ್ತು ಮಡಚಿ ಉರುಳಿತು. ಧೂಳೆದ್ದಿತು, ದೃಶ್ಯ ಬದಲಾಯಿತು. ನಾನು ಜೋರಾಗಿ ಅತ್ತುಬಿಟ್ಟೆ. ಆಯಿ ಮಂತ್ರ ಬಿಟ್ಟು ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಟ ಬಿಟ್ಟ ಮೇಲೆ ಟಾಕೀಸಿನ ಅಂಗಳದ ಬೇವಿನ ಮರದ ಕೆಳಗೆ ಆಯಿ ರೊಟ್ಟಿಯ ಗಂಟು ಬಿಚ್ಚಿದಳು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ಆಗ ಉಣ್ಣದಿದ್ದರೆ ಬೆಳಗಿನವರೆಗೂ ಉಪವಾಸವೇ. ನನಗೆ ಹಸಿವೆಯೂ ಇತ್ತು, ಹಟವೂ ಇತ್ತು.

"ಕುದುರಿ ಸತ್ತೈತೋ ಇಲ್ಲೋ ಹೇಳು, ಆಮ್ಯಾಲ ಉಣ್ತೀನಿ" ಎಂದೆ.

"ಮಂದಿ ಸತ್ತದ್ದೆಲ್ಲಾ ಸುಳ್ಳವಾ" ಎಂದ ಅಪ್ಪನೇ ಮತ್ತೆ, "ಆದ್ರ ಕುದುರಿಗೆ ಸುಳ್ಳ ಬೀಳೂದು ಯಾರ್ ಕಲಿಸ್ಯಾರು?" ಎಂದ. ಅವನಿಗೂ ಗೊತ್ತಿರಲಿಲ್ಲ. ಮುಳುಗುವ ಹೊತ್ತನ್ನೊಮ್ಮೆ ನೋಡಿ, ನನ್ನ ಕೈ ಹಿಡಿದು ಸಿನಿಮಾ ಓಡಿಸುವ ಆಪರೇಟರನ ಕೋಣೆಗೆ ಮೆಟ್ಟಿಲು ಹತ್ತಿಸಿದ.

ಕೋಣೆಯಲ್ಲಿ ಬಿಸಿ ಎಣ್ಣೆಯ ವಾಸನೆ. ಆಪರೇಟರ್ ನಗಲಿಲ್ಲ. ಸುರುಳಿ ಬಿಚ್ಚಿ, ಹುಡುಕಿ ಹುಡುಕಿ, ರಿಬ್ಬನ್ನಿನಂಥ ಫಿಲ್ಮನ್ನು ದೀಪಕ್ಕೆ ಹಿಡಿದ. ಉಗುರಿನಷ್ಟು ಚಿತ್ರಗಳು. ಬಿದ್ದ ಕುದುರೆ, ಬಿದ್ದ ಕುದುರೆ, ಮತ್ತೆ ಅದೇ. ಕೊನೆಯ ಚಿತ್ರದಲ್ಲಿ ಮಾತ್ರ ಅದರ ತಲೆ ನೆಲದಿಂದ ಒಂದಿಷ್ಟು ಮೇಲೆದ್ದಿತ್ತು.

"ತಲಿ ಎತ್ತೈತಿ ನೋಡ್ ತಂಗಿ. ಖರೇ ಐತಿಲ್ಲೋ?"

ನಾನು ಮೆಟ್ಟಿಲು ಇಳಿದು ಓಡಿದೆ. "ಲಗೂನ ತಿನ್ನು" ಎಂದು ಆಯಿ ಅವಸರ ಮಾಡುತ್ತಿದ್ದಂತೆ ಎರಡು ರೊಟ್ಟಿ ತಿಂದೆ. ಅಂಥ ರುಚಿಯ ಶೇಂಗಾ ಚಟ್ನಿ ಮತ್ತೆ ಸಿಕ್ಕಿಲ್ಲ.

ಮೊನ್ನೆ ಬೆಳಗಾವಿಯ ನೆಹರು ನಗರದ ನಮ್ಮ ಮನೆಯಲ್ಲಿ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಮೆಟ್ಟಿಲು ಹತ್ತುವ ಕೆಲಸವಿಲ್ಲ, ಫೋನು ಕೈಯಲ್ಲೇ ಇರುತ್ತದೆ. ಹುಡುಕಿ, ಓದಿ ಹೇಳಿದಳು. ಆ ಕಾಲದ ಇಂಥ ಸಿನಿಮಾಗಳಲ್ಲಿ ಓಡುವ ಕುದುರೆಯ ಮುಂಗಾಲಿಗೆ ತಂತಿ ಕಟ್ಟಿ ಬೀಳಿಸುತ್ತಿದ್ದರಂತೆ. ಕೆಲವು ಮತ್ತೆ ಏಳಲೇ ಇಲ್ಲವಂತೆ.

"ನಿನ್ ಕುದುರಿ ತಲಿ ಎತ್ತಿ, ಆಮ್ಯಾಲ ಎದ್ದ್ ನಿಂತಿತೇನಜ್ಜಿ?"

ನನಗೆ ಗೊತ್ತಿಲ್ಲ. ಅದರ ಮುಂದೆ ಫಿಲ್ಮಿನಲ್ಲಿ ಕುದುರೆಯೇ ಇರಲಿಲ್ಲ. ಸತ್ತಂತೆ ನಟಿಸಿ, ಆಮೇಲೆ ಎದ್ದು ಚಹಾ ಕುಡಿಯಲು ಹೋದ ಗಂಡಸರಿಗೆಲ್ಲ ಆಯಿ ಮಂತ್ರ ಹೇಳಿದ್ದಳು. ಖರೇ ಬಿದ್ದದ್ದು ಕುದುರೆಯೊಂದೇ. ಅದಕ್ಕೆ ಹೇಳುವ ಹೊತ್ತಿಗೆ ನಾನು ಅತ್ತುಬಿಟ್ಟಿದ್ದೆ, ಆಯಿಯ ಮಂತ್ರ ಅಲ್ಲಿಗೇ ನಿಂತಿತ್ತು.

ಮೊಮ್ಮಗಳು ಫೋನು ಕೆಳಗಿಟ್ಟಳು. "ಹಂಗಾರ ಈಗರ ಹೇಳೂಣಜ್ಜಿ" ಎಂದು ಕೈಮುಗಿದಳು. ಇಬ್ಬರೂ ಕೂಡಿ ಹೇಳಿದೆವು, ಅವಸರ ಮಾಡದೆ, ಕೊನೆಯವರೆಗೂ.