ಫೋಟೋದಲ್ಲಿಲ್ಲದ ಎಡಮೂಲೆ

ನನ್ನ ಅಂಗಳದ ಫೋಟೋಗಳಲ್ಲಿ ನಾಲ್ಕು ವರ್ಷಗಳ ಕಾಲ ಎಡಗಡೆಯ ಮೂಲೆಯೇ ಇರಲಿಲ್ಲ. ಡೇಲಿಯಾ ಇರುತ್ತಿತ್ತು, ಹಿಡಿ ಮುರಿದ ಬಕೆಟ್ಟಿನಲ್ಲಿ ತುಂಬಿಕೊಂಡ ಜಿರೇನಿಯಂ ಇರುತ್ತಿತ್ತು, ಬಿಸಿಲು ಕಾಯಿಸುತ್ತ ಮಲಗಿದ ನಮ್ಮ ಬೆಕ್ಕೂ ಎಷ್ಟೋ ಸಲ ಇರುತ್ತಿತ್ತು. ನೀರಿನ ತೊಟ್ಟಿಯ ಪಕ್ಕದ, ಸದಾ ನೆರಳಿರುವ ಆ ಮೂಲೆಯೊಂದನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಕಳಿಸುವ ಮೊದಲು ಹೆಬ್ಬೆರಳಿನಿಂದ ಒತ್ತಿ, ಎಳೆದು, ಕತ್ತರಿಸಿ ಆಚೆ ಹಾಕಿಬಿಡುತ್ತಿದ್ದೆ. ಕೊಂಬೆ ಕಡಿದರೆ ಗಿಡದಲ್ಲಿ ಗುರುತು ಉಳಿಯುತ್ತದೆ, ಫೋಟೋದಲ್ಲಿ ಉಳಿಯುವುದಿಲ್ಲ. ಹಾಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ನಾನು ಮೂರ್ನಾಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದ ಕೂಡಲೇ ಕಥೆ, ಕಾದಂಬರಿ ಎಂದುಕೊಂಡು ದಯವಿಟ್ಟು ಗೌರವ ಕೊಡಬೇಡಿ. ನಮ್ಮಲ್ಲಿ ರೈಟರ್ ಎಂದರೆ ಬೆಳಗಾದರೆ ಕೂಲಿಯಾಳುಗಳ ಲೈನ್ ಮನೆಗಳ ಮುಂದೆ ನಿಂತು ಕೆಲಸಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂದು ಹಾಜರಿ ಬರೆಯುವವನು. ಬಂದವರಿಗೆ ಒಂದು ಗೀಟು, ಬಾರದವರಿಗೆ ಒಂದು ಸೊನ್ನೆ. ಇಷ್ಟು ವರ್ಷಗಳ ನನ್ನ ಸಮಗ್ರ ಸಾಹಿತ್ಯ ಅಷ್ಟೇ. ಇಂಥ ನನ್ನನ್ನು ಹೆಂಡತಿ ಸರಸು ಒಂದು ದಿನ ಕೇಳದೆಯೇ ‘ನಮ್ಮ ಅಂಗಳ’ ಎಂಬ ವಾಟ್ಸಾಪ್ ಗ್ರೂಪಿಗೆ ಸೇರಿಸಿದಳು. ಮೊದಮೊದಲು ಮೂಗು ಮುರಿದೆ. ಆಮೇಲೆ, ಹಲ್ಲುಜ್ಜುವ ಮೊದಲೇ ಅದನ್ನು ತೆರೆದು ನೋಡುವ ಹಂತಕ್ಕೆ ಬಂದೆ.

ನೋಡಬೇಕು ನೀವು ಅದನ್ನು! ನಾಪೋಕ್ಲುವಿನ ಒಬ್ಬರು ಹಳೆಯ ಟಯರಿಗೆ ಬಣ್ಣ ಬಳಿದು ಅದರೊಳಗೆ ಬಾಲ್ಸಂ ಬೆಳೆಸುತ್ತಾರೆ. ಶ್ರೀಮಂಗಲದ ಇನ್ನೊಬ್ಬರು ಕಿತ್ತುಹಾಕಿದ ಕಾಫಿ ಗಿಡದ ಬೊಡ್ಡೆಯನ್ನು ಉಜ್ಜಿ ಉಜ್ಜಿ, ವಾರ್ನಿಶ್ ಹೊಡೆದು, ಹೂಕುಂಡ ಇಡುವ ಸ್ಟ್ಯಾಂಡ್ ಮಾಡುತ್ತಾರೆ. ಕ್ರೋಶಾ ಹಾಕಿದ ಮೇಜುವಸ್ತ್ರ, ಕೆಸುವಿನೆಲೆಯ ಅಚ್ಚು ಒತ್ತಿ ಮಾಡಿದ ಸಿಮೆಂಟಿನ ತಟ್ಟೆ, ಮೊದಲ ಸಲ ಅರಳಿದ ಆರ್ಕಿಡ್. ಪ್ರತಿಯೊಂದಕ್ಕೂ ‘ಸೂಪರ್ ಅಕ್ಕ’ ಎಂಬ ಮೆಚ್ಚುಗೆ. ಆದರೆ ದಿನವೂ ನೋಡುತ್ತ ಹೋದಂತೆ ಒಂದು ಸಂಗತಿ ನನಗೆ ಹೊಳೆಯಿತು. ಎಲ್ಲ ಫೋಟೋಗಳೂ ಬಟ್ಟೆ ಒಣಗಿಸುವ ಹಗ್ಗಕ್ಕೆ ಒಂದು ಗೇಣು ಮೊದಲೇ ಮುಗಿದುಹೋಗುತ್ತವೆ. ಹರಿದ ಚಪ್ಪಲಿ, ಗೊಬ್ಬರದ ಚೀಲ, ಬಾಡಿ ಕುಳಿತ ಗುಲಾಬಿ ಎಲ್ಲವೂ ಚೌಕಟ್ಟಿನಾಚೆ. ಅಂಗಳವನ್ನು ತೋರಿಸುವುದೆಂದರೆ ಹಿತ್ತಲನ್ನು ಮುಚ್ಚಿಡುವುದು ಎಂಬುದನ್ನು ನಾವೆಲ್ಲ ಯಾರೂ ಹೇಳಿಕೊಡದೆ ಕಲಿತಿದ್ದೆವು. ಅವರು ಚಪ್ಪಲಿ ಮುಚ್ಚಿಟ್ಟರು, ನಾನು ಮುಚ್ಚಿಟ್ಟದ್ದು ಒಂದು ಕಳ್ಳತನವನ್ನು.

ಗಿಡದ ಹುಚ್ಚಿರುವ ನಮ್ಮ ಕಡೆಯ ಜನರಲ್ಲಿ ಎರಡು ನಂಬಿಕೆಗಳಿವೆ. ಕೇಳಿ ತಂದ ಗಿಡ ಮುನಿಸಿಕೊಂಡು ಕೂರುತ್ತದೆ, ಕದ್ದು ತಂದದ್ದು ಜೋರಾಗಿ ಬರುತ್ತದೆ ಎಂಬುದು ಒಂದು. ಗಿಡ ಸಿಕ್ಕಾಗ ಥ್ಯಾಂಕ್ಸ್ ಎನ್ನಬಾರದು, ಅಂದರೆ ಅದು ಬೇರು ಬಿಡುವುದಿಲ್ಲ ಎಂಬುದು ಇನ್ನೊಂದು. ಇದೆಲ್ಲ ಸುಳ್ಳು ಎಂದು ನಗುವವರೂ ಯಾಕೆ ಸುಮ್ಮನೆ ಎಂದು ಪಾಲಿಸುತ್ತಾರೆ. ಮೂರ್ನಾಡಿನ ಎಷ್ಟೋ ಸಜ್ಜನರ ಕೈಚೀಲದಲ್ಲಿ, ಮದುವೆ ಊಟ ಮುಗಿಸಿ ಹೊರಡುವಾಗ, ಆ ಮನೆಯ ಜಿರೇನಿಯಂ ತುಂಡೊಂದು ಇದ್ದೇ ಇರುತ್ತದೆ. ಅದನ್ನು ಕಳ್ಳತನವೆಂದು ಕದ್ದವರೂ ಹೇಳುವುದಿಲ್ಲ, ಕಳೆದುಕೊಂಡವರೂ ಹೇಳುವುದಿಲ್ಲ.

ನಮ್ಮ ಮನೆಗಿಂತ ಮೇಲೆ, ಏರಿನಲ್ಲಿ, ದೇಚಕ್ಕನ ಮನೆ. ನನಗಿಂತ ಹತ್ತು ವರ್ಷ ಹಿರಿಯರು. ಮೊಣಕಾಲು ನೋವಿರುವುದರಿಂದ ಈಚೆಗೆ ಇಳಿಜಾರು ಇಳಿದು ನಮ್ಮಲ್ಲಿಗೆ ಬರುವುದಿಲ್ಲ. ನಾಲ್ಕು ವರ್ಷಗಳ ಹಿಂದೆ, ಎರವಲು ತಂದಿದ್ದ ಏಣಿಯನ್ನು ವಾಪಸು ಕೊಡಲು ಅವರ ಮನೆಗೆ ಹೋಗಿದ್ದೆ. “ಕೂತ್ಕೊಳ್ಳಿ ರೈಟ್ರೆ, ಬೆಲ್ಲದ ಕಾಫಿ ತರ್ತೇನೆ” ಎಂದು ಅವರು ಒಳಗೆ ಹೋದರು. ಜಗಲಿಯ ಹಲಗೆಯ ಮೇಲೆ ಒಂದು ಬೆಗೋನಿಯಾ ಇತ್ತು. ಅಂಗೈಯಗಲದ ಎಲೆ, ನಡುವೆ ನೇರಳೆಹಣ್ಣಿನ ಕಪ್ಪು, ಅದರ ಸುತ್ತ ಬೆಳ್ಳಿಯ ಬಳೆ, ಅಂಚಿಗೆ ಹಸಿರು. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಹಾಲು ಹಾಕದ ಕಾಫಿಗೆ ಅಷ್ಟು ಹೊತ್ತು ಏಕೆ ಬೇಕಾಯಿತೋ, ಅವರು ಬರಲೇ ಇಲ್ಲ. ನನ್ನ ಕೈ ನನ್ನನ್ನು ಕೇಳದೆಯೇ ಒಂದೆಲೆಯನ್ನು ತೊಟ್ಟಿನ ಸಮೇತ ಚಿವುಟಿ, ಅಂಗಿಯ ಜೇಬಿನಲ್ಲಿ ಹಾಜರಿ ಪುಸ್ತಕದ ಹಿಂದೆ ಇಟ್ಟಿತು. ಬಂದ ಕಾಫಿಯನ್ನು ನಾಲಗೆ ಸುಟ್ಟುಕೊಂಡೇ ಕುಡಿದು ಎದ್ದೆ.

ಬೆಗೋನಿಯಾ ಎಂಥ ಉದಾರಿ ಎಂದರೆ ಒಂದೆಲೆಯನ್ನು ಒದ್ದೆ ಮರಳಿನ ಮೇಲೆ ಮಲಗಿಸಿ, ನರಗಳನ್ನು ಅಲ್ಲಲ್ಲಿ ಕೊಯ್ದರೆ ಸಾಕು, ಕೊಯ್ದಲ್ಲೆಲ್ಲ ಒಂದೊಂದು ಮರಿ ಏಳುತ್ತದೆ. ಆ ಮರಿಗಳನ್ನು ಸರಸುವಿಗೆ ತೋರಿಸಿ ಮೀಸೆ ತಿರುವಿದೆ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ಅಯ್ಯೋ, ಇದು ದೇಚಕ್ಕನ ತಂಗಿ ಕೊಟ್ಟದ್ದಲ್ವಾ? ಕೊಟ್ಟು ಆರು ತಿಂಗ್ಳಿಗೆ ಅವ್ರು ತೀರಿಹೋದ್ರು. ದೇಚಕ್ಕ ಇದ್ರ ಒಂದೆಲೆ ಯಾರಿಗೂ ಕೊಟ್ಟವ್ರಲ್ಲ. ಎಂತ ಮಾಡಿ ಬಂದ್ರಿ ನೀವು!”

ಜಿರೇನಿಯಂ ಕದಿಯುವುದು ಬೇರೆ, ಒಬ್ಬರ ತಂಗಿಯ ನೆನಪನ್ನು ಜೇಬಿಗೆ ಹಾಕಿಕೊಂಡು ಬರುವುದು ಬೇರೆ. ಹಿಂದಿರುಗಿಸಲು ಮುಖವಿರಲಿಲ್ಲ, ಎಸೆಯಲು ಮನಸ್ಸಿರಲಿಲ್ಲ. ಗಿಡ ಮಾತ್ರ ನನ್ನ ನಾಚಿಕೆಯನ್ನು ಲೆಕ್ಕಿಸದೆ ಬೆಳೆದು, ತೊಟ್ಟಿಯ ಪಕ್ಕದಲ್ಲಿ ಐದು ಕುಂಡ ತುಂಬಿತು. ಪ್ರತಿದಿನ ನೀರು ಹಾಕಿದೆ, ಪ್ರತಿ ಫೋಟೋದಿಂದಲೂ ಕತ್ತರಿಸಿದೆ. ಕಣ್ಣೆದುರು ನಿಂತವರಿಗೆ ಹಾಜರಿ ಪುಸ್ತಕದಲ್ಲಿ ಎಂದೂ ಸೊನ್ನೆ ಹಾಕದ ನಾನು ಈ ಗಿಡಕ್ಕೆ ನಾಲ್ಕು ವರ್ಷ ಸೊನ್ನೆ ಹಾಕಿದೆ.

ಈ ಸಲದ ಮಳೆಗಾಲದಲ್ಲಿ ಸಿಲ್ವರ್ ಓಕಿನ ಕೊಂಬೆಯೊಂದು ದೇಚಕ್ಕನ ಜಗಲಿಯ ಹೆಂಚಿನ ಮೇಲೆ ಬಿತ್ತು. ಹೆಂಚು ಕೂರಿಸುವವರು ಸಿಗುವಷ್ಟರಲ್ಲಿ ವಾರ ಕಳೆದಿತ್ತು, ಅಷ್ಟೂ ದಿನ ನೀರು ಸುರಿದದ್ದು ಬೆಗೋನಿಯಾ ಇದ್ದ ಆ ಹಲಗೆಯ ಮೇಲೆಯೇ. ಮಳೆ ಬಿಟ್ಟ ಮೇಲೆ, ಅದೇ ಗ್ರೂಪಿನಲ್ಲಿದ್ದ ದೇಚಕ್ಕ ಆ ಬೆಗೋನಿಯಾದ ಒಂದು ಹಳೆಯ ಫೋಟೋ ಹಾಕಿದರು. ಅದರ ಕೆಳಗೆ, “ಈ ಗಿಡ ಯಾರ ಹತ್ರ ಆದ್ರೂ ಉಂಟಾ? ನನ್ನದು ಕೊಳೆತುಹೋಯ್ತು. ತಂಗಿ ಕೊಟ್ಟದ್ದು.”

ಗ್ರೂಪಿಗೆ ಗ್ರೂಪೇ ಹುಡುಕಿತು. ಒಬ್ಬರು ನರ್ಸರಿಯಿಂದ, ಒಬ್ಬರು ಅತ್ತಿಗೆಯ ಮನೆಯಿಂದ, ಬಗೆಬಗೆಯ ಬೆಗೋನಿಯಾಗಳ ಫೋಟೋ ತರಿಸಿ ಹಾಕಿದರು. ದೇಚಕ್ಕ ಪ್ರತಿಯೊಬ್ಬರಿಗೂ ಒಂದೇ ಉತ್ತರ ಬರೆದರು, “ಚೆಂದ ಉಂಟು. ಆದ್ರೆ ಇದಲ್ಲ.” ನಾನು ಮೂರು ದಿನ ಅದನ್ನು ಓದುತ್ತಲೇ ಇದ್ದೆ. ಕತ್ತಲಾದ ಮೇಲೆ ಒಂದು ಕುಂಡವನ್ನು ಅವರ ಗೇಟಿನ ಬಳಿ ಇಟ್ಟು ಬಂದರೆ ಹೇಗೆ ಎಂದು ಯೋಚಿಸಿದೆ; ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಅದು ತಂಗಿಯ ಗಿಡವೇ ಎಂದು ಅವರಿಗೆ ಖಾತ್ರಿಯಾಗುವುದು ಹೇಗೆ? ನನ್ನ ಕಳ್ಳತನವನ್ನು ಹೇಳದೆ ಆ ಗಿಡದ ಗುರುತು ಹೇಳಲು ಬರುವಂತಿರಲಿಲ್ಲ.

“ನೀವು ಹೇಳ್ತೀರಾ, ನಾನು ಹೇಳ್ಲಾ?” ಎಂದಳು ಸರಸು ನಾಲ್ಕನೆಯ ದಿನ ಬೆಳಗ್ಗೆ.

ಅಂಗಳಕ್ಕಿಳಿದು ಎಡಮೂಲೆಯದೊಂದೇ ಫೋಟೋ ತೆಗೆದೆ. ಐದು ಕುಂಡ, ಪಾಚಿ ಕಟ್ಟಿದ ತೊಟ್ಟಿ, ಹಗ್ಗದಲ್ಲಿ ತೂಗುವ ನನ್ನ ಬನಿಯನ್; ಏನನ್ನೂ ಕತ್ತರಿಸಲಿಲ್ಲ. “ದೇಚಕ್ಕ, ಇದು ನಿಮ್ಮದೇ. ನಾಲ್ಕು ವರ್ಷದ ಹಿಂದೆ ಏಣಿ ಕೊಡಲು ಬಂದಾಗ ನಾನು ಕದ್ದದ್ದು” ಎಂದು ಬರೆದು, ಇಡೀ ಗ್ರೂಪಿನೆದುರು ಕಳಿಸಿ, ಫೋನನ್ನು ಅಕ್ಕಿ ಡಬ್ಬದ ಮೇಲೆ ಬೋರಲು ಹಾಕಿದೆ.

ಉತ್ತರ ಫೋನಿನಲ್ಲಿ ಬರಲಿಲ್ಲ. ಹನ್ನೊಂದರ ಹೊತ್ತಿಗೆ, ಕೊಡೆಯನ್ನು ಊರಿಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಲ್ಲುತ್ತ ದೇಚಕ್ಕನೇ ಇಳಿದು ಬಂದರು. ನನ್ನ ಕಡೆ ನೋಡದೆ ನೇರ ತೊಟ್ಟಿಯ ಹತ್ತಿರ ಹೋಗಿ, ಬಗ್ಗಲಾರದೆ ಬಗ್ಗಿ, ಒಂದೆಲೆಯ ಬೆಳ್ಳಿ ಬಳೆಯ ಮೇಲೆ ಬೆರಳಾಡಿಸಿದರು. ನಾನು ದೊಡ್ಡ ಕುಂಡವನ್ನು ಎತ್ತಿ, “ತಗೊಳ್ಳಿ ದೇಚಕ್ಕ, ಐದೂ ನಿಮ್ದೇ, ನಾನೇ ಮೇಲೆ ತಂದಿಡ್ತೇನೆ” ಎಂದೆ.

“ಇಡಿ ಅದನ್ನ ಕೆಳಗೆ” ಎಂದರು. “ಅವತ್ತು ನಾನು ಕಾಫಿ ತರ್ಲಿಕ್ಕೆ ಅಷ್ಟು ಹೊತ್ತು ಯಾಕೆ ಮಾಡಿದ್ದು ಅಂದ್ಕೊಂಡ್ರಿ? ಕಿಟಕೀಲಿ ನೋಡ್ತಾ ನಿಂತಿದ್ದೆ ರೈಟ್ರೆ. ಕೈಯೆತ್ತಿ ಕೊಡ್ಲಿಕ್ಕೆ ನಂಗೆ ಮನಸ್ಸು ಬರ್ತಿರ್ಲಿಲ್ಲ. ಒಂದೇ ಕಡೆ ಇದ್ರೆ ಹೋಗಿಬಿಡ್ತದೆ ಅಂತ ಹೆದ್ರಿಕೆಯೂ ಇತ್ತು. ನೀವು ಕದಿಯೋದು ಕಂಡು, ಕದೀಲಿ, ಬದುಕ್ತದೆ ಅಂತ ಒಳಗೇ ನಿಂತೆ.” ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿ ಮುಂದುವರಿಸಿದರು, “ಆಮೇಲೆ ನಿಮ್ಮ ಫೋಟೋ ಬಂದಾಗೆಲ್ಲ ದೊಡ್ಡದು ಮಾಡಿ ಮಾಡಿ ಹುಡುಕಿದೆ. ಒಂದ್ರಲ್ಲೂ ಇರ್ಲಿಲ್ಲ. ಸತ್ತೇಹೋಯ್ತು ಅಂತ ಗ್ರಹಿಸಿದ್ದೆ.”

ನಾನು ಮುಚ್ಚಿಟ್ಟದ್ದು ಕಳ್ಳತನವನ್ನಲ್ಲ, ಅದು ಅವರಿಗೆ ಮೊದಲೇ ಗೊತ್ತಿತ್ತು. ಗಿಡ ಬದುಕಿದೆ ಎಂಬ ಒಂದೇ ಸಮಾಧಾನವನ್ನು ನಾಲ್ಕು ವರ್ಷ ಅವರಿಂದ ಮುಚ್ಚಿಟ್ಟಿದ್ದೆ. ಕೈಯಲ್ಲಿದ್ದ ಕುಂಡವನ್ನು ಮೆಲ್ಲನೆ ಅದರ ಜಾಗದಲ್ಲೇ ಇಟ್ಟೆ.

“ಕೊಟ್ಟದ್ದು ಬೇರು ಬಿಡೋದಿಲ್ಲ” ಎಂದರು ದೇಚಕ್ಕ, ಕೈಚೀಲದ ಜಿಪ್ಪು ಎಳೆಯುತ್ತ. “ನೀವು ಒಳಗೆ ಹೋಗಿ ಕಾಫಿ ಮಾಡಿ. ನಿಧಾನಕ್ಕೆ ಮಾಡಿ.”

ಒಳಗೆ ಬಂದೆ. ಸರಸು ಆಗಲೇ ಒಲೆಯ ಉರಿ ಸಣ್ಣದು ಮಾಡಿದ್ದಳು. ಕಿಟಕಿಗೆ ಬೆನ್ನು ತಿರುಗಿಸಿ ನಿಂತು, ಬೆಲ್ಲ ಕರಗುವುದನ್ನು ನೋಡುತ್ತ, ಜನ್ಮದಲ್ಲೇ ಮಾಡದಷ್ಟು ನಿಧಾನವಾಗಿ ಕಾಫಿ ಮಾಡಿದೆ. ಕೊಡಲಾಗದ್ದನ್ನೂ ಕೊಡುವ ಒಂದು ದಾರಿ ಇದೆ, ಅದು ಒಳಮನೆಯಲ್ಲಿ ಸುಮ್ಮನೆ ತಡಮಾಡುವುದು ಎಂದು ನನಗೆ ಕಲಿಸಿದವರು ಹೊರಗೆ ನಿಂತಿದ್ದರು. ಅವರ ಬಗ್ಗೆ ನನಗುಂಟಾದ ಕೃತಜ್ಞತೆಗೆ ಕಣ್ಣು ತುಂಬಿ ಬಂತು. ಲೋಟ ಹಿಡಿದು ಹೋದಾಗ ದೇಚಕ್ಕ ಏನೂ ಅರಿಯದವರಂತೆ ಡೇಲಿಯಾ ನೋಡುತ್ತಿದ್ದರು. ಮುಚ್ಚಿದ ಕೈಚೀಲದ ಬಾಯಲ್ಲಿ ಹಸಿರಂಚು ಒಂದಿಷ್ಟು ಇಣುಕುತ್ತಿತ್ತು. ಅವರು ಥ್ಯಾಂಕ್ಸ್ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಗಿಡ ಬದುಕಬೇಕಲ್ಲ.

ಮಾರನೆಯ ಬೆಳಗ್ಗೆ ಅಂಗಳದ ಫೋಟೋ ಹಾಕಿದೆ, ಎಡಮೂಲೆಯ ಸಮೇತ. ದೊಡ್ಡ ಕುಂಡದಲ್ಲಿ ಎಲೆಯಿಲ್ಲದ ಒಂದು ತೊಟ್ಟಿನ ಬುಡ ಎದ್ದು ಕಾಣುತ್ತಿತ್ತು. “ಇದ್ರ ಎಲೆ ಎಲ್ಲಿ ಹೋಯ್ತು ರೈಟ್ರೆ?” ಎಂದು ನಾಪೋಕ್ಲುವಿನವರು ಕೇಳಿದರು.

ನಾನು ಬರೆಯುವ ಮೊದಲೇ ದೇಚಕ್ಕ ಬರೆದರು, “ಯಾರೋ ಕದ್ರಂತೆ.”