ಬೊಮ್ಮಸಂದ್ರದಲ್ಲಿ ಒಂದು ಫೋನು, ಒಂಬತ್ತು ಮನೆ

ವೈಟ್‌ಫೀಲ್ಡಿನಿಂದ ಹೊರಟಾಗ ಬೆಳಿಗ್ಗೆ ಏಳು ಗಂಟೆ. ಕಾರಿನ ನೆತ್ತಿಯ ಮೇಲೆ ಎರಡು ಆಂಟೆನಾ, ಮುಂದಿನ ಗಾಜಿನ ಕೆಳಗೆ ಸಾಲಾಗಿ ನಾಲ್ಕು ಫೋನು, ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪು. ಕಾರು ಓಡಿಸುತ್ತಿದ್ದವರು ಮುನಿರಾಜಣ್ಣ, ಬೇಗೂರಿನ ಹಳೆಯ ಒಕ್ಕಲು ಮನೆಯವರು. ಇದ್ದ ಹೊಲದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರೂ, ಸುಮ್ಮನೆ ಕೂತರೆ ಮಂಡಿ ಹಿಡಿಯುತ್ತದೆ ಎಂದು ಈ ಕೆಲಸಕ್ಕೆ ಬರುತ್ತಿದ್ದರು. "ಈ ಕೊಂಬು ಕಂಡ್ರೆ ಜನ ಪೋಲೀಸ್ನೋರು ಅಂದ್ಕಂತಾರೆ ಮೇಡಂ. ಒಳ್ಳೇದೇ, ದಾರಿ ಬುಡ್ತಾರೆ," ಎಂದರು. ವರ್ತೂರು ದಾಟುವ ತನಕ ಯಾರೂ ಬಿಡಲಿಲ್ಲ.

ಇದು ಥ್ರೀಜಿ ಬಂದು ಎರಡು ಮೂರು ವರ್ಷವಾಗಿದ್ದ ಕಾಲದ ಮಾತು. ನಾನಾಗ ಒಂದು ಮೊಬೈಲ್ ಕಂಪನಿಗೆ ನಿಯಮ ಬರೆದುಕೊಡುವ ಗುಂಪಿನಲ್ಲಿದ್ದೆ. ನಿಯಮ ಅಂದರೆ ಇಷ್ಟೇ. ಒಂದು ಟವರು ಒಮ್ಮೆಗೆ ಹೊರುವ ಭಾರಕ್ಕೆ ಮಿತಿಯಿದೆ. ಜನ ಮುಗಿಬಿದ್ದಾಗ ಯಾರನ್ನು ಮುಂದೆ ಬಿಡಬೇಕು, ಯಾರನ್ನು ನಿಧಾನಕ್ಕೆ ಬಿಡಬೇಕು ಎಂಬುದನ್ನು ಮೊದಲೇ ಬರೆದಿಡಬೇಕು. ನಮ್ಮಜ್ಜಿ ತನ್ನ ಕಾಲದ ಬೀದಿ ನಲ್ಲಿಯ ಕಥೆ ಹೇಳುವಾಗ, ನಾಲ್ಕು ಬಿಂದಿಗೆ ಹಿಡಿದವಳನ್ನು "ಒಸಿ ಸರಿಯವ್ವ, ಒಂದೂ ಹಿಡೀದೋರು ನಿಂತವ್ರೆ" ಎಂದು ಪಕ್ಕಕ್ಕೆ ಕಳಿಸುತ್ತಿದ್ದರು ಎನ್ನುತ್ತಿದ್ದಳು. ನಾನು ಬರೆದದ್ದೂ ಅದನ್ನೇ. ಟವರು ತುಂಬಿದೆ ಎಂಬ ಸುದ್ದಿ ಬಂದ ತಕ್ಷಣ, ಆ ದಿನ ಎಲ್ಲರಿಗಿಂತ ಹೆಚ್ಚು ಎಳೆದುಕೊಂಡ ಫೋನುಗಳ ವೇಗ ತಗ್ಗಬೇಕು. ಸಂದಣಿ ಕರಗಿದ ಮೇಲೆ ಮತ್ತೆ ಬಿಡುಗಡೆ.

ನಿಯಮ ಜಾರಿಯಾಗಿ ಮೂರು ವಾರವಾಗಿತ್ತು. ಟವರುಗಳ ಭಾರ ತೋರಿಸುವ ಪರದೆಯ ಮೇಲಿನ ಗೆರೆಗಳೆಲ್ಲ ಮಟ್ಟಸವಾಗಿ, ನಮ್ಮ ಮೇಲಧಿಕಾರಿ ಸಂತೋಷಪಟ್ಟು, ನೆಲದ ಮೇಲೂ ಒಮ್ಮೆ ವೇಗ ಅಳೆದು ಬನ್ನಿ ಎಂದು ಎರಡು ದಿನಕ್ಕೆ ಕಳಿಸಿದ್ದರು. ಬೊಮ್ಮಸಂದ್ರದ ಒಂದು ಫೋನು ಮಾತ್ರ ದಿನವೂ ಸಂಜೆ ನಿಯಮಕ್ಕೆ ಸಿಕ್ಕಿಬೀಳುತ್ತಿತ್ತು. ನಂಬರು ನಮಗೆ ಕಾಣದಂತೆ ಮುಚ್ಚಿರುತ್ತದೆ. ಹಾಗಾಗಿ ಕಚೇರಿಯಲ್ಲಿ ಅದಕ್ಕೊಂದು ಹೆಸರಿಟ್ಟಿದ್ದೆವು: ಹೊಟ್ಟೆಬಾಕ. ಹೊತ್ತುಗೊತ್ತಿಲ್ಲದೆ ಸಿನಿಮಾ ನೋಡುವ ಯಾವನೋ ಸೋಮಾರಿ ಎಂದು ನಗುತ್ತಿದ್ದೆವು. ನಗುತ್ತಿದ್ದವರಲ್ಲಿ ನಾನೂ ಒಬ್ಬಳು.

ದಾರಿಯಲ್ಲಿ ಸಿಗುವ ದೊಮ್ಮಸಂದ್ರದಲ್ಲಿ ಇಡ್ಲಿ ವಡೆ ತಿಂದು ಕಾಫಿ ಕುಡಿದೆವು. ಇಬ್ಬರಿಗೂ ಸೇರಿ ಎಪ್ಪತ್ತು ರೂಪಾಯಿ. ಅಲ್ಲಿಂದ ಚಂದಾಪುರದ ರಸ್ತೆ. ಆಷಾಢದ ಗಾಳಿ ಧೂಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ನೀಲಗಿರಿ ತೋಪು, ಒಂದು ತುಂಡು ರಾಗಿ ಹೊಲ, ಅದರ ಪಕ್ಕದಲ್ಲೇ ಸೈಟುಗಳ ಗುರುತಿನ ಕಲ್ಲು. ಒಟ್ಟು ಮೂವತ್ತು ಕಿಲೋಮೀಟರು ಚಿಲ್ಲರೆ. ಅಲ್ಲಲ್ಲಿ ನಿಂತು ಅಳೆಯುತ್ತ ಹೋದದ್ದಕ್ಕೆ ಬೊಮ್ಮಸಂದ್ರ ಮುಟ್ಟುವಾಗ ಮಧ್ಯಾಹ್ನ ತಿರುಗಿತ್ತು. ಗಾಳಿಯಲ್ಲಿ ಔಷಧಿ ಕಾರ್ಖಾನೆಗಳ ಕಮಟು. ನಾಲ್ಕು ಗಂಟೆಯವರೆಗೂ ಎಲ್ಲ ಫೋನುಗಳೂ ಚೆನ್ನಾಗಿ ಓಡಿದವು.

ಐದೂವರೆಗೆ ಶಿಫ್ಟು ಬಿಟ್ಟಿತು. ಕಂಪನಿ ಬಸ್ಸು, ಬೈಕು, ನಡೆದು ಬರುವವರು, ಎಲ್ಲರ ಕಿವಿಯಲ್ಲೂ ಫೋನು. ಆರು ದಾಟುವುದರೊಳಗೆ ಟವರು ತುಂಬಿ ನನ್ನ ಪರದೆ ಕೆಂಪಗಾಯಿತು. ನಾವು ಒಂದು ಗಲ್ಲಿಯ ಕೊನೆಯಲ್ಲಿ ಕಾರು ನಿಲ್ಲಿಸಿದ್ದೆವು. ಎದುರಿಗೆ ಶೀಟು ಹೊದಿಸಿದ ಒಂಬತ್ತು ಕೋಣೆಗಳ ವಠಾರ. ಅದರ ಮೆಟ್ಟಿಲ ಮೇಲೆ ಕೂತ ಹೆಂಗಸರು ಮಂಗಳಾರತಿ ತಟ್ಟೆ ಹಿಡಿದ ಹಾಗೆ ತಂತಮ್ಮ ಫೋನುಗಳನ್ನು ಮುಖದ ಮುಂದೆ ಎತ್ತಿ ಹಿಡಿದಿದ್ದರು. ಅವರಲ್ಲಿ ಒಬ್ಬಳು, ಮೂವತ್ತರ ಆಸುಪಾಸಿನವಳು, ಔಷಧಿ ಕಂಪನಿಯ ನೀಲಿ ಕೋಟನ್ನು ಇನ್ನೂ ಬಿಚ್ಚಿರಲಿಲ್ಲ. ಆರೂವರೆಯ ಹೊತ್ತಿಗೆ ಎದ್ದು ಕಾರಿನ ಹತ್ತಿರ ಬಂದಳು.

"ಟಾವರ್ ಮಂದಿ ಏನ್ರಿ ನೀವು?"

"ಹೌದಮ್ಮ, ಪರೀಕ್ಷೆ ಮಾಡೋಕೆ ಬಂದಿದೀವಿ."

"ಮಾಡ್ರಿ, ಚಂದಾಗಿ ಮಾಡ್ರಿ. ಮೂರು ವಾರ ಆತು, ನಿಮ್ಮ ಟಾವರಿಗೆ ಲಕ್ವಾ ಹೊಡದೈತಿ."

ಹೆಸರು ರೇಣವ್ವ, ಊರು ಸಿಂಧನೂರು. ಮಾತ್ರೆಗಳನ್ನು ಡಬ್ಬಿಗೆ ತುಂಬುವ ಕೆಲಸ. ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಪರದೆಯ ಮೇಲೆ ಆರು ವರ್ಷದ ಒಂದು ಹುಡುಗಿ, ಬಾಯಿ ಮುಚ್ಚಿ, ಒಂದು ಕಣ್ಣು ಅರೆ ತೆರೆದು, ಕದಲದೆ ನಿಂತಿದ್ದಳು. ಮಗಳು ಭಾಗ್ಯ. ಶಾಲೆಗೆ ಸೇರಿಸಿದ ಮೇಲೆ ಅವಳನ್ನು ಊರಲ್ಲಿ ತಾಯಿಯ ಹತ್ತಿರ ಬಿಟ್ಟಿದ್ದಳು. ದೀಪಾವಳಿಯ ತನಕ ರಜೆ ಇರಲಿಲ್ಲ. ಅಲ್ಲಿರುವ ಫೋನು ಅಣ್ಣನದು. ಸಾಮಾನು ಸಾಗಿಸುವ ಆಟೋ ಓಡಿಸುವ ಆತ ಆರೂವರೆಗೆ ಮನೆಗೆ ಬಂದು, ಉಂಡು, ಏಳಕ್ಕೆ ಮತ್ತೆ ಮಾರ್ಕೆಟ್ಟಿಗೆ ಹೋಗುತ್ತಾನೆ.

"ಆ ಅರ್ಧ ತಾಸಿನ್ಯಾಗ ಅಕಿ ಮಾರಿ ನೋಡ್ಬೇಕ್ರಿ ನಾನು. ದನಿ ಬರ್ತೈತಿ, ಮಾರಿ ಅಳ್ಳಾಡಂಗಿಲ್ಲ. ಅಕಿಗೂ ನಾ ಹಂಗ ಕಾಣ್ತೀನಂತ. ಮೊನ್ನೆ ಕೇಳ್ತಾಳ, 'ಯವ್ವಾ, ನೀನೂ ಫೋಟೋದಾಗ ಹೋದೇನು?' ಅಂತ. ಅವರ ಮುತ್ಯಾ ತೀರಿಕೊಂಡ ಮ್ಯಾಲೆ ಗ್ವಾಡಿಗೆ ಫೋಟೋ ಹಾಕೀವಿ. ಅದಕ್ಕ ಕೇಳ್ತಾಳ."

ಮೆಟ್ಟಿಲ ಮೇಲಿನವರದೂ ಇದೇ ಪಾಡೇ ಎಂದು ಕೇಳಿದೆ.

"ಅವರದೆಲ್ಲಾ ನಂದ ಐತ್ರಿ. ನೆಟ್ ಹಾಕಿಸೋದು ನನ್ನ ಫೋನಿಗೆ ಒಂದಕ್ಕ. ನಾ ಹಾಟ್‌ಸ್ಪಾಟ್ ಹಚ್ಚಿದ್ರ ಒಂಬತ್ತೂ ಮನಿಗೆ ಬರ್ತೈತಿ."

ಲ್ಯಾಪ್‌ಟಾಪಿನತ್ತ ತಿರುಗಿ ನೋಡಿದೆ. ಪರದೆ ಕೆಂಪಾದ ತಕ್ಷಣವೇ, ಈ ಟವರಿನ ಈ ಮಗ್ಗುಲಲ್ಲೇ, ನಿಯಮ ಆ ದಿನದ ಹೊಟ್ಟೆಬಾಕನನ್ನು ಹಿಡಿದು ನಿಲ್ಲಿಸಿತ್ತು. ನಿಲ್ಲಿಸಿದ್ದು ನನ್ನ ಮುಂದೆ ನಿಂತವಳನ್ನೇ.

ಸುಮ್ಮನಿರಬಹುದಿತ್ತು. ಆದರೆ ಆ ಕೂಸಿನ ಅರೆ ತೆರೆದ ಕಣ್ಣು ಇನ್ನೂ ನನ್ನ ಮುಂದೆಯೇ ಇತ್ತು. ನಿಯಮ ಬರೆದವಳು ನಾನೇ ಎಂದು ಹೇಳಿದೆ. ಹೇಗೆ ಎನ್ನುವುದನ್ನೂ, ಇಟ್ಟ ಹೆಸರನ್ನೂ ಹೇಳಿದೆ. ಮೆಟ್ಟಿಲ ಮೇಲಿಂದ ಒಬ್ಬಳು ನಕ್ಕಳು. "ಹೊಟ್ಟೆಬಾಕ ಅಂದ್ರ ನಮ್ಮ ರೇಣಕ್ಕ ಏನ್ರಿ? ಒಂದು ರೊಟ್ಟಿ ತಿಂದು ಕೈ ತೊಳಿಯಾಕಿ."

ರೇಣವ್ವ ನಗಲಿಲ್ಲ. "ಬರಿಯೂದಕಿಂತ ಮದ್ಲ ಒಮ್ಮಿ ಬಂದು ನೋಡಬೇಕಿತ್ತಲ್ರಿ ಅಕ್ಕಾರ," ಎಂದಳು, ಅಷ್ಟೇ.

ಗಾಜಿನ ಕೆಳಗಿನ ನಾಲ್ಕು ಫೋನುಗಳಲ್ಲಿ ಒಂದನ್ನು ಯಾವ ನಿಯಮವೂ ಮುಟ್ಟುತ್ತಿರಲಿಲ್ಲ. ಅದು ಎಲ್ಲರಿಗಿಂತ ಮೇಲಿನ ದರ್ಜೆಯ ಪರೀಕ್ಷೆಯ ಸಿಮ್ಮು. ಅದನ್ನು ತೆಗೆದು, ಒಮ್ಮೆಗೆ ಒಂದೇ ಫೋನನ್ನು ಸೇರಿಸಿಕೊಳ್ಳುವ ಅದರ ಹಾಟ್‌ಸ್ಪಾಟಿಗೆ ಅವಳ ಫೋನನ್ನು ಸೇರಿಸಿದೆ. ಅದೇ ಟವರು, ಅದೇ ಸಂದಣಿ. ಹುಡುಗಿ ಕಣ್ಣು ಪೂರ್ತಿ ತೆರೆದಳು, ಕೆನ್ನೆ ತುರಿಸಿಕೊಂಡಳು, ನಕ್ಕಳು. ಮುಂದಿನ ಎರಡು ಹಲ್ಲು ಇರಲಿಲ್ಲ.

"ಹಲ್ಲು ಯಾವಾಗ ಬಿತ್ತಲೇ?"

"ಬಿದ್ದು ಎಂಟು ದಿನ ಆತು. ನಾ ದಿನಾ ತೋರಸ್ತಿದ್ದೆ, ನೀ ನೋಡವಲ್ಲಿ."

ರೇಣವ್ವ ಮೆಟ್ಟಿಲ ಮೇಲೆ ಹೋಗಿ ಕೂತಳು. ಹಲ್ಲು ಎಲ್ಲಿ ಇಟ್ಟಿ, ನೋವಾತೇನು, ಉಣ್ಣಾಕ ಬರ್ತೈತೇನು ಎಂದು ಒಂದೇ ಉಸಿರಿಗೆ ಕೇಳಿದಳು. ಎಂಟು ಜನ ಪಕ್ಕದಲ್ಲಿ ನಿಂತಿದ್ದರು; ಅವರಿಗೂ ಮನೆಯಿದೆ, ಮನೆಯಲ್ಲಿ ಕಾಯುವವರಿದ್ದಾರೆ. ಮೂರು ನಿಮಿಷವಾಗುತ್ತಲೇ ಅವಳೇ ಗಡಿಯಾರ ನೋಡಿದಳು. "ತಡಿ ಯವ್ವಾ, ಇನ್ನೊಂದು ತೋರಸ್ತೀನಿ," ಎಂದು ಮಗು ಎಲ್ಲೋ ಓಡಿತು. "ನಾಳೆ ತೋರಸವ್ವಾ. ಈಗ ಗಂಗಕ್ಕನ ಪಾಳಿ," ಎಂದು ರೇಣವ್ವ ಕರೆ ಕತ್ತರಿಸಿದಳು.

"ಮಾತಾಡಲೇ, ನಂದೇನು ಹೊಕ್ಕೈತಿ," ಎಂದಳು ಪಕ್ಕದಲ್ಲಿದ್ದ ಗಂಗಕ್ಕ.

"ಪಾಳಿ ಅಂದ್ರ ಪಾಳಿ," ಎಂದು ಇವಳು ಸರಿದು ಕೂತಳು. ಒಬ್ಬೊಬ್ಬರಿಗೆ ಮೂರು ನಿಮಿಷದಂತೆ ಎಲ್ಲರದೂ ಮುಗಿಯುವ ಹೊತ್ತಿಗೆ ಏಳು ದಾಟಿತ್ತು. ಸಿಂಧನೂರಿನ ಫೋನು ಮಾರ್ಕೆಟ್ಟಿಗೆ ಹೋಗಿತ್ತು.

ಹೊರಡುವಾಗ ಕೇಳಿದಳು. "ನಾಳೆ ಬರ್ತೀರೇನ್ರಿ ಅಕ್ಕಾರ?"

"ನಾಳೆ ಪೀಣ್ಯ ಕಡೆ," ಎಂದೆ. ನನ್ನ ನಂಬರನ್ನು ಬರೆದುಕೊಟ್ಟೆ. ಬೇರೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಆ ದಿನ ಬೇಗೂರಿನ ಮುನಿರಾಜಣ್ಣನವರ ಮನೆಯಲ್ಲೇ ಉಳಿದೆ. ಮುದ್ದೆ, ಅವರೆಕಾಳು ಸಾರು. ಉಣ್ಣುತ್ತ ಉಣ್ಣುತ್ತ, "ಆ ಪೋನು ಅಲ್ಲೇ ಬುಟ್ಟು ಬರಬಾರದಾಗಿತ್ತಾ?" ಎಂದರು.

"ನಂದಲ್ಲಣ್ಣ ಅದು."

"ಅಂಗೂ ಸರಿ," ಎಂದರು.

ಮರುದಿನ ಪೀಣ್ಯ ತಲುಪಿದಾಗ ಹತ್ತು ಗಂಟೆ. ಲೇತು ಯಂತ್ರಗಳ ಕಿರುಚಾಟದ ನಡುವೆ ಒಂದು ಗೋಡೌನಿನ ಮರೆಗೆ ನಿಂತು ಮೇಲಧಿಕಾರಿಗೆ ಫೋನು ಮಾಡಿದೆ.

"ಒಂದು ಫೋನಿಗೋಸ್ಕರ ರೂಲ್ ಚೇಂಜ್ ಮಾಡೋಕಾಗಲ್ಲ ಕಣ್ರೀ," ಎಂದರು.

"ಒಂದು ಫೋನಲ್ಲ ಸಾರ್, ಒಂಬತ್ತು ಮನೆ."

"ಎಲ್ಲರನ್ನೂ ಬಿಟ್ಟುಬಿಟ್ರೆ ಟವರ್ ಮಲಗುತ್ತೆ. ಅದಕ್ಕೇನು ಮಾಡ್ತೀರ?"

ಅದನ್ನು ಬೆಳಗಿನ ಜಾವದಿಂದ ಯೋಚಿಸಿದ್ದೆ. ಯಾರು ಎಷ್ಟು ಎಳೆದುಕೊಂಡರು ಎಂದು ಲೆಕ್ಕ ಹಾಕುವ ಬದಲು, ಸಂದಣಿಯ ಹೊತ್ತಿನಲ್ಲಿ ಸಿನಿಮಾ ಇಳಿಸಿಕೊಳ್ಳುವುದನ್ನು ನಿಧಾನ ಮಾಡೋಣ, ಮುಖ ನೋಡಿ ಮಾತಾಡುವವರನ್ನು ಬಿಡೋಣ ಎಂದೆ. ಸಿನಿಮಾ ಅರ್ಧ ಗಂಟೆ ತಡವಾದರೂ ಸಿನಿಮಾವೇ. ಕೊನೆಗೆ ಅವರು ಒಪ್ಪಿದರು. "ಆ ಒಂದು ಸೈಟಲ್ಲಿ ಎರಡು ದಿನ ಟ್ರಯಲ್ ಹಾಕಿ. ಕಂಪ್ಲೇಂಟ್ ಬಂದ್ರೆ ನೀವೇ ಆನ್ಸರ್ ಮಾಡ್ಬೇಕು."

ಕಾರಿನಲ್ಲೇ ಕೂತು ಬರೆದೆ. ಮಧ್ಯಾಹ್ನ ಮೂರಕ್ಕೆ ಹೊಸ ನಿಯಮ ಬೊಮ್ಮಸಂದ್ರಕ್ಕೆ ಹೋಯಿತು. ವಿಷಯ ತಿಳಿದ ಮುನಿರಾಜಣ್ಣ, "ಬೇಗೂರಿಗೂ ತತ್ತೀರಾ ಇದನ್ನ? ನಮ್ಮ ಮನೇಲಿ ನಾನೇ ಪಿಚ್ಚರ್ ಇಳಿಸೋನು," ಎಂದರು.

ಆರೂವರೆಗೆ ನಾವು ಚಿಕ್ಕಬಾಣಾವರದ ರೈಲ್ವೆ ಗೇಟಿನ ಮುಂದೆ ನಿಂತಿದ್ದೆವು. ಗೇಟು ಹಾಕಿತ್ತು. ಲ್ಯಾಪ್‌ಟಾಪಿನಲ್ಲಿ ಬೊಮ್ಮಸಂದ್ರದ ಸಾಲು ಕೆಂಪಾಯಿತು. ನಿಧಾನಗೊಂಡವರ ಪಟ್ಟಿಯನ್ನು ಎರಡೆರಡು ಸಲ ನೋಡಿದೆ. ನಮ್ಮ ಹೊಟ್ಟೆಬಾಕ ಅದರಲ್ಲಿರಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಆ ಪರದೆ ತೋರಿಸುವುದಿಲ್ಲ. ನಲವತ್ತು ಕಿಲೋಮೀಟರಿನಾಚೆಯ ಆ ಮೆಟ್ಟಿಲ ಮೇಲೆ ಈಗ ಏನಾಗುತ್ತಿದೆಯೋ ಎಂದು ಕೂತೆ. ಒಂದು ರೈಲು ಹೋಯಿತು, ಗೇಟು ತೆರೆಯಲಿಲ್ಲ, ಇನ್ನೊಂದಕ್ಕೆ ಕಾಯಿಸಿದರು. ಏಳು ದಾಟಿದಾಗ ಫೋನು ಬಡಿದುಕೊಂಡಿತು.

"ಅಕ್ಕಾರ, ನಾ ರೇಣವ್ವ. ಇವತ್ತ ಅಳ್ಳಾಡಿದ್ಳ್ರಿ."

"ಏನಂದ್ಳು?"

"ಏನೂ ಅನ್ನಲಿಲ್ರಿ. ನಿನ್ನೆ ನಡುವ ಕಟ್ ಮಾಡಿದ್ನಲ್ಲಾ, ಸಿಟ್ಟು ಬಂದೈತಿ. ಬೆನ್ನು ಮಾಡಿ ಕುಂತಿದ್ಳು. ನಮ್ಮಣ್ಣ ಈ ಕಡೆ ಹೊಳ್ಳಸಿದ್ರ ತಿರುಗಿ ಆ ಕಡೆ ಹೊಳ್ಳತಾಳ."

ಎರಡನೆಯ ರೈಲು ಬಂದು ಹೋಗುವ ತನಕ ಏನೂ ಕೇಳಿಸಲಿಲ್ಲ. ಅವಳು ಮಾತಾಡುತ್ತಲೇ ಇದ್ದಳು.

"...ಎರಡು ಜಡಿ, ಕೆಂಪು ರಿಬ್ಬನ್ನು. ನಮ್ಮವ್ವ ಭಾಳ ಚಂದ ಹೆಣದಾಳ್ರಿ. ಪೂರಾ ಅರ್ಧ ತಾಸು ಅದನ್ನ ನೋಡಿದೆ. ಚಿತ್ರ ಒಮ್ಮಿನೂ ನಿಲ್ಲಲಿಲ್ಲ."

ಗೇಟು ತೆರೆದಿತ್ತು. ಹಿಂದಿನವರೆಲ್ಲ ಹಾರ್ನು ಒತ್ತುತ್ತಿದ್ದರು. ಮುನಿರಾಜಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ, ಸುತ್ತಿಕೊಂಡು ಮುಂದೆ ಹೋಗಿ ಎಂದು ಒಬ್ಬೊಬ್ಬರನ್ನೇ ದಾಟಿಸುತ್ತ, ನನ್ನ ಮಾತು ಮುಗಿಯುವುದಕ್ಕೆ ಕಾದರು.