ಸಾಹೇಬನ ಸಂಬಳದ ಬೌಲರ್

ಕಮಲಾಪುರದ ನಮ್ಮ ಹೊಲದಲ್ಲಿ ನಾನು ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿದರೆ ಒಂದು ಗಿಳಿಯೂ ಜೋಳದ ತೆನೆಯ ಮೇಲೆ ಕೂರುತ್ತಿರಲಿಲ್ಲ. ಅದನ್ನು ಕಂಡ ಜಿಲ್ಲೆಯ ದೊಡ್ಡ ಅಧಿಕಾರಿ, ತಾಲೂಕದಾರ ಸಾಹೇಬ, ನನ್ನನ್ನು ಕಲಬುರಗಿಗೆ ಕರೆದೊಯ್ದು ತನ್ನ ಕ್ರಿಕೆಟ್ ತಂಡದಲ್ಲಿ ಸಂಬಳದ ಬೌಲರನ್ನಾಗಿ ಇಟ್ಟುಕೊಂಡ.

ದಿನಾ ಬೆಳಿಗ್ಗೆ ಅವನಿಗೆ ಚೆಂಡು ಹಾಕಬೇಕು, ಆದರೆ ಅವನು ಔಟಾಗಬಾರದು. ಎಂದಾದರೂ ನನ್ನ ಚೆಂಡು ಗೂಟ ಕೆಡವಿದರೆ, ಅಂಪೈರಾಗಿ ನಿಂತಿದ್ದ ಅವನ ಕಚೇರಿಯ ಪೇಶ್ಕಾರ ತಡಮಾಡದೆ "ನೋಬಾಲ್" ಎಂದು ಕೂಗುತ್ತಿದ್ದ. ಬಿದ್ದ ಗೂಟವನ್ನು ಮತ್ತೆ ನೆಡುವವನೂ ನಾನೇ. ನನ್ನ ಗುರಿ ನೋಡಿ ಕರೆತಂದ ಮನುಷ್ಯ ಗುರಿ ತಪ್ಪಿಸಲಿಕ್ಕೆ ಸಂಬಳ ಕೊಡುತ್ತಿದ್ದ!

ಹಾಕಿ ಹಾಕಿ ಕೊನೆಗೆ ನನ್ನ ಭುಜ ಕೆಟ್ಟಿತು. ಕೈ ಕಿವಿಯ ಮಟ್ಟಕ್ಕೂ ಏಳದಾಯಿತು. "ಇನ್ನ ಊರಿಗಿ ಹೋಗು" ಎಂದ ಸಾಹೇಬ, ನನ್ನ ಮುಖವನ್ನೂ ನೋಡಲಿಲ್ಲ.

ಮರುವರ್ಷ ಜೋಳ ತೆನೆಗಟ್ಟಿದಾಗ ಅವನ ಜವಾನ ನಮ್ಮ ಹೊಲಕ್ಕೆ ಬಂದ. ಅಟ್ಟಣಿಗೆಯ ಮೇಲೆ ಈಗ ನನ್ನ ತಮ್ಮ ನಿಂತಿದ್ದ.

"ನಿನ್ನ ತಮ್ಮನ ಗುರಿ ಹೆಂಗದ ಅಂತ ಸಾಹೇಬ್ರು ಕೇಳ್ಯಾರ" ಎಂದ ಜವಾನ, ಬದುವಿನ ಮೇಲೆ ನಿಂತು.

"ಅಲ್ಲೇ ನಿಂದರ್ರಿ" ಎಂದೆ. ಆಮೇಲೆ ಮೇಲಕ್ಕೆ ನೋಡಿ ಕೂಗಿದೆ: "ತಮ್ಮಾ, ಕವಣ್ಯಾಗ ಕಲ್ಲ ಇಡು. ಇವರ ತಲಿ ಮ್ಯಾಲಿನ ರುಮಾಲ ಕಾಣಸ್ತದಲ್ಲ?"